ಮುನೇಶನ ಕೊನೆಯ ಮಾತು

ಮುನೇಶ,

ಇವತ್ತು ನಿನ್ನ ಹನ್ನೊಂದನೆಯ ದಿನದ ತಿಥಿ. ನಿನಗೆ ಬೇಡವಾಗಿದ್ದ ಎಡೆಯನ್ನೇ ನಿನ್ನ ಫೋಟೋ ಮುಂದೆ ಇಟ್ಟರು. ಊಟಕ್ಕೆ ಮೊದಲು ನಿಮ್ಮಮ್ಮ ನನ್ನ ಕೈ ಹಿಡಿದುಕೊಂಡರು.

"ಜಯಕರಪ್ಪ, ಆಸ್ಪತ್ರೇಲಿ ನೀನೊಬ್ನೇ ಇದ್ದೆ. ಕೊನೇಲಿ ನನ್ ಮಗ ದೇವ್ರನ್ನ ನೆನೆಸ್ಕೊಂಡ್ನಾ?"

"ನೆನೆಸ್ಕೊಂಡ ಕಣಮ್ಮ" ಅಂದುಬಿಟ್ಟೆ.

ಚರ್ಚಿನ ಪಾಸ್ಟರಾದ ನಾನೇ ಹೇಳಿದ ಮೇಲೆ ಇನ್ನೇನು, ನಂಬಿದರು. ಅಷ್ಟು ದಿನಗಳ ಮೇಲೆ ಹೊಟ್ಟೆ ತುಂಬ ಉಂಡರು.

ತೊಂಡೇಬಾವಿ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಾ, ದೇವರಿದ್ದಾನೆಂದು ನಾನು, ಇಲ್ಲವೆಂದು ನೀನು, ಇಪ್ಪತ್ತು ವರ್ಷ ಜಗಳವಾಡಿದೆವು. ಯಾರೂ ನೋಡದಿದ್ದರೂ ಸುಳ್ಳು ಒಳಗೆ ಚುಚ್ಚುತ್ತದಲ್ಲ, ಹಾಗೆ ಚುಚ್ಚುವವನೇ ದೇವರು ಎಂದು ನಾನು ವಾದಿಸುತ್ತಿದ್ದೆ. "ನಾನು ಸುಳ್ಳೇ ಹೇಳಲ್ಲ, ನಂಗೆ ಹೆಂಗೋ ಗೊತ್ತಾಗುತ್ತೆ?" ಎಂದು ನೀನು ನಗುತ್ತಿದ್ದೆ. ನಿಜ, ನೀನು ಹೇಳುತ್ತಿರಲಿಲ್ಲ.

ಈಗ ಚುಚ್ಚುತ್ತಿದೆ. ನೀನು ಕೇಳುತ್ತಿದ್ದ ರುಜುವಾತು ಸಿಕ್ಕಿದೆ, ತೋರಿಸೋಣವೆಂದರೆ ನೀನಿಲ್ಲ.

ಕೊನೆಗೆ ನೀನು ಅಂದದ್ದು ಇಷ್ಟೇ: "ಕಿಟ್ಕಿ ತೆಗಿಯೋ, ಸೆಕೆ." ನಾನು ಕಣ್ಣು ಮುಚ್ಚಿ ನಿನಗಾಗಿ ಪ್ರಾರ್ಥಿಸುತ್ತಿದ್ದೆ. ಮುಗಿಸಿ ತೆಗೆಯೋಣ ಅಂದುಕೊಂಡೆ.

ನಾಳೆ ಭಾನುವಾರ. ನನ್ನ ಪ್ರಸಂಗ ಕೇಳಲು ನಿಮ್ಮಮ್ಮ ಚರ್ಚಿಗೆ ಬರುತ್ತಾರಂತೆ. ಬೆಳಿಗ್ಗೆ ಬೇಗ ಹೋಗಿ ಕಿಟಕಿಗಳನ್ನೆಲ್ಲ ತೆರೆದಿಡುತ್ತೇನೆ.

ಜಯಕರ