ದಪ್ಪಮ್ಮನ ತೊಟ್ಟಿ ತೊಳೆದದ್ದು

ಶುಕ್ರವಾರ, ಬೆಳಗಿನ ಏಳೂವರೆ

ಅಣ್ಣನ ಮನೆಯಲ್ಲಿ ಮುನಿಸಿಕೊಂಡು ಕೂತಿರುವ ನನ್ನವಳಿಗೆ,

ಮೊದಲೇ ಹೇಳಿಬಿಡುತ್ತೇನೆ, ನಿನ್ನ ಮುದ್ದಿನ ಮೀನು ದಪ್ಪಮ್ಮ ಬದುಕಿದ್ದಾಳೆ. ಈ ಸಾಲು ಬರೆಯುವ ಮುಂಚೆ ಎದ್ದುಹೋಗಿ ಇನ್ನೊಮ್ಮೆ ನೋಡಿಕೊಂಡು ಬಂದೆ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ನೀನು ಆ ಕಡೆಯಿಂದ ಸುಮ್ಮನಾಗಿಬಿಡುತ್ತೀಯಲ್ಲ, ಅದನ್ನು ಕೇಳಿಸಿಕೊಳ್ಳುವಷ್ಟು ಗಂಡೆದೆ ನನಗಿಲ್ಲ. ಅದಕ್ಕೇ ಈ ಪತ್ರ, ನಿಮ್ಮಣ್ಣನ ಇಸ್ತ್ರಿಯಾದ ಶರ್ಟುಗಳ ನಡುವೆ ಬಚ್ಚಿಟ್ಟು ಕಳಿಸುತ್ತಿದ್ದೇನೆ.

ಹೋಗುವಾಗ ನೀನು ಮೀನಿನ ತೊಟ್ಟಿಯ ಗಾಜಿಗೆ ಅಂಟಿಸಿದ ಚೀಟಿಯನ್ನು ಭಯಭಕ್ತಿಯಿಂದ ಪಾಲಿಸಿದೆ. ಆವಿಯಾದಷ್ಟು ಶುದ್ಧ ನೀರನ್ನು ದಿನಾ ತುಂಬಿಸಿದೆ. ವಾರಕ್ಕೊಮ್ಮೆ ಸಮುದ್ರದ ಉಪ್ಪು ಕದಡಿ, ಅಳೆದು, ಹತ್ತರಲ್ಲೊಂದು ಪಾಲು ನೀರು ಬದಲಾಯಿಸಿದೆ. ‘ಬೇರೆ ಏನನ್ನೂ ಮುಟ್ಟಬೇಡಿ’ ಎಂಬ ಕೊನೆಯ ಸಾಲನ್ನು ಮಾತ್ರ ಸಲಹೆ ಎಂದುಕೊಂಡೆ.

ಮಂಗಳವಾರ ಲಾಂಡ್ರಿಯಲ್ಲಿ ಕೆಲಸ ಕಡಿಮೆಯಿತ್ತು. ಬೇಗ ಮನೆಗೆ ಬಂದೆ. ನೋಡಿದರೆ ಕಲ್ಲುಗಳ ಮೇಲೆ ಕಂದು ಲೋಳೆ, ಫಿಲ್ಟರಿನ ಸ್ಪಂಜಿನ ತುಂಬ ಕೆಸರು. ಇಪ್ಪತ್ತಾರು ವರ್ಷ ಊರವರ ಕಾಲರು ಉಜ್ಜಿದ ಕೈ ಇದು, ಸುಮ್ಮನಿರುತ್ತದೆಯೇ? ಜೀವಂತ ಹವಳ ಬೆಳೆದಿರದ ಕಲ್ಲುಗಳನ್ನೂ ಸ್ಪಂಜನ್ನೂ ಬಚ್ಚಲಿಗೆ ಒಯ್ದು, ಬಿಸಿನೀರು ಬಿಟ್ಟು, ಬ್ರಷ್ಷಿನಲ್ಲಿ ತಿಕ್ಕಿದೆ. ಸೋಪು ಹಾಕಲಿಲ್ಲ, ಅಷ್ಟು ವಿವೇಕ ಉಳಿದಿತ್ತು. ಮದುಮಗನ ಅಂಗಿಯ ಹಾಗೆ ಬೆಳ್ಳಗಾದವು. ನಿನಗೆ ಕಳಿಸೋಣವೆಂದು ಫೋಟೋ ಕೂಡ ತೆಗೆದಿದ್ದೆ.

ನಿನ್ನೆ ಬೆಳಿಗ್ಗೆ ದಪ್ಪಮ್ಮನೂ ಅವಳ ಜೊತೆಗಾರ ಚೋಟುವೂ ನೀರಿನ ಮೇಲೆ ಬಂದು ಬಾಯಿ ಬಿಡುತ್ತಿದ್ದರು. ಹವಳ ಮುಷ್ಟಿಯ ಹಾಗೆ ಮುದುಡಿತ್ತು. ತೊಟ್ಟಿಯ ನೀರನ್ನು ಬಾಟಲಿಗೆ ತುಂಬಿಕೊಂಡು ಸಾಕುಮೀನಿನ ಅಂಗಡಿಗೆ ಓಡಿದೆ, ಎರಡು ಕಾಲಿಗೆ ಎರಡು ಬಗೆಯ ಚಪ್ಪಲಿ. ಅಂಗಡಿಯವನು ನೀರಿನಲ್ಲಿ ವಿಷವಿದೆಯೇ ಎಂದು ನೋಡಲು ಔಷಧಿಯ ಹನಿ ಬಿಟ್ಟ. ಹಳದಿಯಾಗಬೇಕಿದ್ದ ನೀರು ಎಲೆಹಸಿರಾಯಿತು. ಏನು ಮಾಡಿದಿರಿ ಎಂದು ಕೇಳಿದ. ಹೇಳಿದೆ.

“ಏನ್ ಸ್ವಾಮಿ ನೀವು, ಅದು ಕೊಳೆ ಅಲ್ಲ, ಅದೇ ನಿಮ್ಮ ಫಿಲ್ಟರು. ಮೀನಿನ ಗಲೀಜು ವಿಷ ಆಗದ ಹಾಗೆ ತಿಂದುಹಾಕೋ ಜೀವಿಗಳೆಲ್ಲ ಅದರಲ್ಲೇ ಇದ್ದಿದ್ದು. ಚೆನ್ನಾಗಿ ತೊಳೆದು ಚರಂಡಿಗೆ ಕಳಿಸಿದೀರಿ.”

ಆಮೇಲೆ ತನ್ನದೇ ತೊಟ್ಟಿಯಿಂದ ಲೋಳೆ ಹಿಡಿದ ಕರಿ ಸ್ಪಂಜೊಂದನ್ನು ಕಿತ್ತುಕೊಟ್ಟ. ಒಂದು ಕಲೆಗೆ ಮೂರು ಸಲ ಶರ್ಟು ಒಗೆಯುವ ನಾನು, ಆ ಗಲೀಜನ್ನು ಹಸುಗೂಸಿನ ಹಾಗೆ ಎದೆಗವಚಿಕೊಂಡು ಬೀದಿಯಲ್ಲಿ ಬಂದೆ. ಅದನ್ನು ಫಿಲ್ಟರಿಗೆ ಹಾಕಿ, ಉಪ್ಪೂ ಬಿಸಿಯೂ ಸರಿಹೊಂದಿಸಿ ಕಾಲು ಭಾಗ ನೀರು ಬದಲಾಯಿಸಿದೆ. ಇವತ್ತೂ ಬದಲಾಯಿಸಿದೆ. ಈಗ ಬಣ್ಣ ತಿಳಿಹಸಿರು. ಎರಡು ದಿನ ಕಳೆದರೆ ಬಚಾವು ಎಂದಿದ್ದಾನೆ. ಲಾಂಡ್ರಿಗೆ ‘ಆರೋಗ್ಯ ಸರಿಯಿಲ್ಲ’ ಎಂದು ಬೋರ್ಡು ಹಾಕಿದ್ದೇನೆ. ಯಾರದು ಎಂದು ಬರೆದಿಲ್ಲ.

ಚೋಟುವಿನ ವಿಷಯ ಎರಡು ಸಲ ಬರೆದು ಹೊಡೆದುಹಾಕಿದೆ. ನಿನ್ನೆ ಸಂಜೆ ಹೋದ. ದಪ್ಪಮ್ಮ ಅವನಿದ್ದ ಮೂಲೆಗೆ ಹೋಗಿ ಹೋಗಿ ಬರುತ್ತಾಳೆ.

ಅಂಗಡಿಯಲ್ಲಿ ನಿಂತಿದ್ದಾಗ ನಿಮ್ಮಮ್ಮನ ಶಾಲು ನೆನಪಾಯಿತು. ಅವರು ತೀರಿಕೊಂಡ ಮೇಲೆ ನೀನು ಬೀರುವಿನಲ್ಲಿ ಮಡಿಸಿಟ್ಟದ್ದನ್ನು ನಾನು ಒಗೆದು, ಇಸ್ತ್ರಿ ಹಾಕಿ, ಬಹುಮಾನ ಕೊಡುವವನ ಹಾಗೆ ತಂದುಕೊಟ್ಟೆ. ನೀನು ಅದಕ್ಕೆ ಮೂಗು ಹಚ್ಚಿದೆ. “ಅಮ್ಮನ ವಾಸನೆ ಇದೊಂದರಲ್ಲೇ ಉಳಿದಿತ್ತು ಕಣ್ರೀ” ಎಂದೆ. ಒಂದು ಬಟ್ಟೆಗೆ ಇಷ್ಟೊಂದಾ ಎಂದೆ ನಾನು. ಆ ಸಂಜೆಯೇ ನೀನು ಚೀಲ ತುಂಬಿಸಿದೆ.

ನನಗೆ ತುಂಬ ಹೆದರಿಕೆಯಾಗುತ್ತಿದೆ. ಮೀನಿನದೊಂದೇ ಅಲ್ಲ. ಬಾ ಎನ್ನುವ ಮುಖವಿಲ್ಲ. ಇನ್ನೇನನ್ನು ಮುಟ್ಟಬಾರದು ಎಂದಾದರೂ ಒಂದು ಸಾಲು ಬರೆ.

ತೊಳೆಯುವುದೊಂದೇ ಗೊತ್ತಿದ್ದ,
ನಿನ್ನ ಲಾಂಡ್ರಿಯವನು

ತಾ.ಕ.: ನೀನು ಹೋಗಿ ಇಪ್ಪತ್ತೆರಡು ದಿನ. ಮನೆಯಲ್ಲಿನ ಪರದೆ, ಹಾಸಿಗೆ, ಕಾಲೊರಸು ಎಲ್ಲ ಎರಡೆರಡು ಸಲ ಒಗೆದಾಯಿತು. ನಿನ್ನ ದಿಂಬಿನ ಕವರನ್ನು ಮಾತ್ರ ಒಗೆದಿಲ್ಲ. ಯಾಕೆಂದು ನಿನ್ನೆಯವರೆಗೂ ನನಗೇ ಗೊತ್ತಿರಲಿಲ್ಲ.