ಸಿಂಚನಾಳ ಬಸ್ಸಿನ ಮಾತು

ಹುಬ್ಬಳ್ಳಿ
ಕೆರೆಶಕ ೬೮, ತಂಪುಮಾಸದ ಒಂಬತ್ತು

ಸರ್ವಮಂಗಳಜ್ಜಿ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ಒಣಗಿದ ಕೆರೆಗಳು ಮತ್ತೆ ತುಂಬಿದ ವರ್ಷದಿಂದ ನಾವು ಕಾಲ ಎಣಿಸುತ್ತೇವೆ. ನನ್ನ ಕನ್ನಡವೂ ನಿಮಗೆ ವಿಚಿತ್ರವೆನಿಸಬಹುದು, ಹೊಟ್ಟೆಗೆ ಹಾಕಿಕೊಳ್ಳಿ. ನಾನು ನಿಮ್ಮ ಮಗಳು ಸಿಂಚನಾಳ ಮರಿಮೊಮ್ಮಗಳು. ನನಗೆ ಅರವತ್ತೊಂದು, ಈ ಪತ್ರ ಓದುವಾಗ ನಿಮಗಿನ್ನೂ ಮೂವತ್ತನಾಲ್ಕು. ಆದರೂ ಅಜ್ಜಿ ಎನ್ನಬೇಕು, ಏನು ಮಾಡಲಿ.

ನಮ್ಮಲ್ಲಿ 'ಬಿಡುವು' ಎಂಬ ಪದ್ಧತಿಯಿದೆ. ಯಾರನ್ನಾದರೂ ಏನಾದರೂ ಕೇಳಿದ ಮೇಲೆ ಕೇಳಿದವರು ಸುಮ್ಮನಾಗಬೇಕು, ಎದುರಿನವರ ಮುಖವನ್ನೂ ದಿಟ್ಟಿಸಬಾರದು. ಜೋಳ ಎಷ್ಟು ನುಣ್ಣಗೆ ಬೇಕೆಂದು ಕೇಳಿ ಹಿಟ್ಟಿನ ಗಿರಣಿಯವನು ಕಿಟಕಿಯಾಚೆಯ ಮೋಡ ನೋಡುತ್ತ ನಿಲ್ಲುತ್ತಾನೆ. ಕೆಲವರು ಬಾಯಿಂದ ಹೇಳುತ್ತಾರೆ, ಕೆಲವರು ಕೊರಳಲ್ಲಿ ತೂಗುವ ಚಿತ್ರಪಟ್ಟಿಯಲ್ಲಿ ತಮಗೆ ಬೇಕಾದ ಚಿತ್ರದ ಮೇಲೆ ಬೆರಳಿಡುತ್ತಾರೆ. ಪಕ್ಕದ ಮನೆಯ ಇಂದುಧರ ಬೆಳಿಗ್ಗೆ ಕೇಳಿದ್ದಕ್ಕೆ ಸಂಜೆ ಉತ್ತರ ಕೊಡುತ್ತಾನೆ. ಅಷ್ಟರಲ್ಲಿ ಚಹಾ ಆರಿರುತ್ತದೆ, ಮತ್ತೆ ಕಾಯಿಸುತ್ತೇವೆ. ಇದರಿಂದ ಊರು ತುಸು ನಿಧಾನ, ನಿದ್ದೆಗಣ್ಣಿನಲ್ಲಿ ನಡೆದಂತೆ. ನನಗದು ಇಷ್ಟ.

ಮಾತಿನ ತರಬೇತಿಯ ಟೀಚರಿಗೆ ತೋರಿಸಲು ನೀವು ಬರೆಯುತ್ತಿದ್ದ ನೋಟ್‌ಬುಕ್ ಈಗ ನನ್ನ ಬಳಿಯಿದೆ. ಆಟಿಸಂ ಇರುವ ಮಗಳು ದಿನವಿಡೀ ಆಡಿದ್ದನ್ನು ಪುಟದಲ್ಲಿ ಗೆರೆ ಎಳೆದು ವಿಂಗಡಿಸಿದ್ದೀರಿ: ಎಡಕ್ಕೆ 'ಮಾತು', ಬಲಕ್ಕೆ 'ಗಿಳಿಪಾಠ'. ಎಡಭಾಗ ಪೂರ್ತಿ ಖಾಲಿ. ಪ್ರತಿ ಪುಟದ ಕೆಳಗೆ, "ಇವತ್ತೂ ಅವ್ವಾ ಅನ್ನಲಿಲ್ಲ." ಓದುತ್ತ ಅತ್ತುಬಿಟ್ಟೆ, ಆಮೇಲೆ ನಿಮ್ಮ ಮೇಲೆ ಸಿಟ್ಟೂ ಬಂತು. ಬಲಭಾಗದಲ್ಲಿ ಒಂದೇ ಮಾತು ನೂರಾರು ಸಲ ಇದೆ. ನೀವು ಕೆಲಸದಿಂದ ಮನೆಗೆ ಬಂದ ಕೂಡಲೇ ಅವಳು ಚಾಪೆ ತಟ್ಟುತ್ತ ಅಂದದ್ದು: "ಮುಂದ ಬರ್ರಿ, ಜಾಗಾ ಐತಿ." ಬರೀ ಕಂಡಕ್ಟರ್ ಮಾತು ಎಂದು ಪಕ್ಕದಲ್ಲಿ ಷರಾ ಹಾಕಿದ್ದೀರಿ. ಭಾನುವಾರ ಧಾರವಾಡದ ಬಸ್ಸಿನಲ್ಲಿ ಕಂಡಕ್ಟರ್ ಹಾಗೆ ಕೂಗಿದ ಮೇಲೇ ನಿಮಗೆ ಸೀಟು ಸಿಗುತ್ತಿತ್ತು, ಅವಳು ನಿಮಗೆ ಅಂಟಿಕೊಂಡು ಕೂರುತ್ತಿದ್ದಳು. ಇದನ್ನೂ ನೀವೇ ಬರೆದಿದ್ದೀರಿ, ಬೇರೊಂದು ಪುಟದಲ್ಲಿ. ಎರಡನ್ನೂ ಕೂಡಿಸಿ ನೋಡಲಿಲ್ಲ.

"ನಾಳೆಯಿಂದ ಅವಳು ಹೀಗಂದರೆ ಮುಖ ತಿರುಗಿಸುತ್ತೇನೆ" ಎಂದು ಕೊನೆಯ ಪುಟದಲ್ಲಿ ಬರೆದಿದ್ದೀರಿ. ಅದರಾಚೆ ನೀವು ಏನೂ ಬರೆದಿಲ್ಲ. ಆ ನಾಳೆ ಬರುವ ಮುಂಚೆ ಈ ಪತ್ರ ನಿಮಗೆ ಮುಟ್ಟಲಿ. ಮುಖ ತಿರುಗಿಸಬೇಡಿ ಅಜ್ಜಿ. ಅವಳು ಇಷ್ಟು ದಿನವೂ ಕರೆದದ್ದು ನಿಮ್ಮನ್ನೇ. ಹೋಗಿ ಪಕ್ಕದಲ್ಲಿ ಕೂತುಕೊಳ್ಳಿ.

ನಿಮ್ಮ
ಮೇದಿನಿ