ಮುಚ್ಚಳದ ಸಂದಿಯ ಸೌಟು

ಕುದುರೆಮುಖ, ೧೯೮೭
ಭಾನುವಾರ

ತಂಗಿ ಮರಿಯಂ,

ನೀನು ತೀರಿಕೊಂಡು ಎರಡು ವರ್ಷವಾಯಿತು. ಓದುವವಳಿಲ್ಲವೆಂದು ಗೊತ್ತಿದ್ದೂ ನಿನಗೆ ಹೇಳದೆ ಇರಲಾಗಲಿಲ್ಲ.

ಬೆಳಿಗ್ಗೆ ಟಿ.ವಿ.ಯಲ್ಲಿ ಒಂದು ಕಾರ್ಟೂನ್ ಬಂತು. ಅಕ್ಕ ಅಳಿಲು ತಂಗಿ ಅಳಿಲನ್ನು ಪೆಟ್ಟಿಗೆಯಲ್ಲಿ ಕೂಡಿಹಾಕಿ, ಮೇಲೆ ಕೂತು ಕಡಲೆಕಾಯಿ ತಿನ್ನುತ್ತಿತ್ತು. ನನ್ನ ಇಬ್ಬರು ಹೆಣ್ಣುಮಕ್ಕಳೂ ಬಿದ್ದು ಬಿದ್ದು ನಕ್ಕರು.

"ಮಕ್ಳು ನೋಡೋದಾ ಇದು? ಬಂದ್ ಮಾಡು ಮಾರಾಯ್ತಿ" ಎಂದರು ನಮ್ಮ ಯಜಮಾನರು. ಬಂದ್ ಮಾಡಿದೆ.

ಅರ್ಧ ಗಂಟೆ ಕಳೆದು ನೋಡಿದರೆ ಚಿಕ್ಕವಳು ಸಾಬೀರಾ ಕಾಣಲಿಲ್ಲ. ದೊಡ್ಡವಳು ಹಾಸಿಗೆ ಇಡುವ ಮರದ ಪೆಟ್ಟಿಗೆಯ ಪಕ್ಕ ನಿಂತಿದ್ದಳು. ಓಡಿಹೋದರೆ, ಮುಚ್ಚಳದ ಸಂದಿಯಲ್ಲಿ ನನ್ನ ಸಾರಿನ ಸೌಟು. ಒಳಗಿನಿಂದ ಕಿಲಕಿಲ ನಗು.

"ಪೂರ್ತಿ ಮುಚ್ಚಿದ್ರೆ ಅವ್ಳಿಗೆ ಉಸಿರು ಕಟ್ಟುತ್ತಲ್ಲ ಅಮ್ಮಿ, ಅದಕ್ಕೇ ಇಟ್ಟೆ" ಎಂದಳು ದೊಡ್ಡವಳು.

ಬೈಯಲು ಹೋದವಳು ಅಲ್ಲೇ ಕುಸಿದು ಕೂತು ನಕ್ಕುಬಿಟ್ಟೆ. ಎದೆ ಎಷ್ಟು ಹಗುರವಾಯಿತು ಗೊತ್ತಾ!

ಯಜಮಾನರು ಇನ್ನೂ ಕಾರ್ಟೂನನ್ನೇ ಬೈಯುತ್ತಿದ್ದಾರೆ. ನಾನು ಸೌಟು ತೊಳೆದಿಟ್ಟು ಇದನ್ನು ಬರೆಯುತ್ತಿದ್ದೇನೆ. ನಾವು ಚಿಕ್ಕವರಿದ್ದಾಗ ಈದ್ ಬಳೆಗಾಗಿ ಜಗಳವಾಡಿ, ನಿನ್ನನ್ನು ಅಬ್ಬಾನ ಕಾಳುಮೆಣಸಿನ ಕೋಣೆಗೆ ತಳ್ಳಿ, ಚಿಲಕ ಹಾಕಿ ನಾನು ಊಟಕ್ಕೆ ಕೂತ ದಿನ, ನಮ್ಮ ಮನೆಯಲ್ಲಿ ಟಿ.ವಿ. ಇರಲಿಲ್ಲ.

ನಿನ್ನ ಆಪಾ,
ರೌಶನ್